‘ವಿಶ್ವವಿದ್ಯಾಲಯ’ದಲ್ಲಿ ‘ವಿಶ್ವ’ ಎಲ್ಲಿಂದ ಬಂತು? ಅತಿ ಹಳೆಯದು ಯಾವುದು?

ಸಂಜೆಓದು:

ಎಲ್ಲರಿಗೂ ನಮಸ್ಕಾರ. ಡಿಗ್ರಿ ಓದುತ್ತಿರುವ ಮಕ್ಕಳ ಮುಂದೆ ವಿಶ್ವವಿದ್ಯಾಲಯಗಳು ಹೇಗೆ ಹುಟ್ಟಿದವು ಅಂತ ಅರ್ಧ ಗಂಟೆ ಮಾತಾಡಲು ಒಪ್ಪಿಕೊಂಡಿದ್ದೇನೆ. ಸುಲಭ ಅಂದುಕೊಂಡಿದ್ದೆ. ಓದಲು ಕೂತ ಮೇಲೆ ಮೊದಲ ಹೆಜ್ಜೆಯಲ್ಲೇ ಸಿಕ್ಕಿಹಾಕಿಕೊಂಡೆ.

ಅತಿ ಹಳೆಯದು ಯಾವುದು ಅಂತ ನೋಡಿದರೆ ಒಬ್ಬರು ಇಟಲಿಯ ಬೊಲೊನ್ಯಾ, 1088 ಅನ್ನುತ್ತಾರೆ. ಇನ್ನೊಬ್ಬರು ಮೊರೊಕ್ಕೊದ ಫೆಜ್ ನಗರದ ಅಲ್-ಖರವಿಯ್ಯೀನ್, 859 ಅನ್ನುತ್ತಾರೆ. ನಾಲಂದ ಇವೆರಡಕ್ಕಿಂತ ಹಳೆಯದು, 5ನೇ ಶತಮಾನದ್ದು. ಮಕ್ಕಳಿಗೆ ಯಾವುದನ್ನು ಹೇಳಲಿ?

ಎರಡನೆಯದು ಹೆಸರಿನ ವಿಚಾರ. ಜಗತ್ತಿನ ವಿದ್ಯೆಯೆಲ್ಲ ಒಂದೇ ಸೂರಿನಡಿ ಸಿಗುವ ಜಾಗ, ಅದಕ್ಕೇ ‘ವಿಶ್ವ’ವಿದ್ಯಾಲಯ ಅಂತ ಇಷ್ಟು ವರ್ಷ ನಂಬಿದ್ದೆ. ಈಗ ನೋಡಿದರೆ ಲ್ಯಾಟಿನ್ನಿನ ‘ಉನಿವೆರ್ಸಿತಾಸ್’ ಅಂದರೆ ಬರೀ ‘ಸಂಘ’ವಂತೆ, ವಿದ್ಯೆಗೂ ಅದಕ್ಕೂ ಸಂಬಂಧವೇ ಇಲ್ಲವಂತೆ. ಹಾಗಾದರೆ ನಮ್ಮ ಪದ ತಪ್ಪಾ? ಬೊಲೊನ್ಯಾದಲ್ಲಿ ಮೇಷ್ಟ್ರು ತಡವಾಗಿ ಬಂದರೆ ವಿದ್ಯಾರ್ಥಿಗಳೇ ದಂಡ ಹಾಕುತ್ತಿದ್ದರು ಅಂತಲೂ ಓದಿದೆ. ನಿಜವಾ? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಅಂಚಿನಟಿಪ್ಪಣಿ:

ದಂಡದ ಮಾತು ನಿಜ. ಅಲ್ಲಿಂದಲೇ ಶುರು ಮಾಡುತ್ತೇನೆ, ಹೆಸರಿನ ಗಂಟೂ ಅದರ ಜೊತೆಗೇ ಬಿಚ್ಚಿಕೊಳ್ಳುತ್ತದೆ.

ಬೊಲೊನ್ಯಾಕ್ಕೆ ಜನ ಹೋಗುತ್ತಿದ್ದುದು ಕಾನೂನು ಓದಲು. ಜಸ್ಟಿನಿಯನ್ ಚಕ್ರವರ್ತಿ ಮಾಡಿಸಿದ್ದ ಹಳೆಯ ರೋಮನ್ ಕಾನೂನಿನ ಸಂಗ್ರಹವನ್ನು ಇರ್ನೇರಿಯಸ್ ಎಂಬ ಪಂಡಿತ ಅಲ್ಲಿ ಸಾಲು ಸಾಲಾಗಿ ಬಿಡಿಸಿ ಹೇಳಲು ತೊಡಗಿದ, ಕೇಳಲು ಆಲ್ಪ್ಸ್ ಬೆಟ್ಟದ ಆಚೆಯಿಂದಲೂ ಜನ ಬಂದರು. ಇವರು ಚಿಕ್ಕ ಹುಡುಗರಲ್ಲ. ಎಷ್ಟೋ ಮಂದಿ ಇಪ್ಪತ್ತು ದಾಟಿದವರು, ಚರ್ಚಿನಲ್ಲಿ ಹುದ್ದೆ ಇದ್ದವರು. ಆದರೆ ಆ ಊರಿನಲ್ಲಿ ಅವರು ಪರದೇಶಿಗಳು. ಊರಿನ ಕಾನೂನು ಅವರಿಗೆ ರಕ್ಷಣೆ ಕೊಡುತ್ತಿರಲಿಲ್ಲ. ಜರ್ಮನಿಯ ಯಾರೋ ಒಬ್ಬ ಸಾಲ ಮಾಡಿ ಓಡಿಹೋದರೆ, ಸಾಲ ಕೊಟ್ಟವನು ಅದೇ ನಾಡಿನ ಇನ್ನೊಬ್ಬ ವಿದ್ಯಾರ್ಥಿಯ ಸಾಮಾನು ಹೊತ್ತುಕೊಂಡು ಹೋಗಬಹುದಿತ್ತು. 1150ರ ದಶಕದಲ್ಲಿ ಚಕ್ರವರ್ತಿ ಫ್ರೆಡೆರಿಕ್ ಬಾರ್ಬರೋಸಾ ಹೊರಡಿಸಿದ ಒಂದು ಕಟ್ಟಳೆ ಇದನ್ನು ತಡೆಯಿತು. ಅದು ಸಾಲದು ಅನ್ನಿಸಿ ವಿದ್ಯಾರ್ಥಿಗಳು ತಾವೇ ಸಂಘ ಕಟ್ಟಿಕೊಂಡರು. ನೇಕಾರರು, ಚಮ್ಮಾರರು, ವ್ಯಾಪಾರಿಗಳು ಕಟ್ಟಿಕೊಂಡ ಹಾಗೆಯೇ. ಅಂಥ ಯಾವ ಸಂಘಕ್ಕೂ ಆಗ ‘ಉನಿವೆರ್ಸಿತಾಸ್’ ಅನ್ನಬಹುದಿತ್ತು. ಓದಿನ ಜಾಗಕ್ಕೆ ಇದ್ದ ಹೆಸರೇ ಬೇರೆ, ‘ಸ್ಟೂಡಿಯಂ ಜೆನರಾಲೆ’. ಅಲ್ಲಿನ ‘ಜೆನರಾಲೆ’ ಕೂಡ ಎಲ್ಲ ವಿಷಯ ಕಲಿಸುವ ಜಾಗ ಅಂತ ಅಲ್ಲ, ಎಲ್ಲ ಕಡೆಯವರೂ ಬರುವ ಜಾಗ ಅಂತ.

ಪಾಠ ಹೇಳುವವರಿಗೆ ದುಡ್ಡು ಕೊಡುತ್ತಿದ್ದವರು ವಿದ್ಯಾರ್ಥಿಗಳು. ಹಾಗಾಗಿ ಹಿಡಿತವೂ ಅವರದ್ದೇ. ಗಂಟೆ ಬಾರಿಸಿದ ಕೂಡಲೇ ಪಾಠ ಶುರುವಾಗಬೇಕು, ಮುಂದಿನ ಗಂಟೆಗೆ ಮುಗಿಯಬೇಕು. ಕಷ್ಟದ ಅಧ್ಯಾಯವನ್ನು ಹಾರಿಸುವಂತಿಲ್ಲ. ಒಂದು ದಿನ ರಜೆ ಬೇಕಾದರೂ ವಿದ್ಯಾರ್ಥಿಗಳ ಒಪ್ಪಿಗೆ ಬೇಕು. ಪಾಠಕ್ಕೆ ಐದು ಜನವೂ ಬರದಿದ್ದರೆ ಮೇಷ್ಟ್ರಿಗೆ ದಂಡ. ಸಂಘದ ಮುಖ್ಯಸ್ಥನಿಗೆ ರೆಕ್ಟರ್ ಅಂತ ಹೆಸರು, ಅವನೂ ವಿದ್ಯಾರ್ಥಿಯೇ. ಮೇಷ್ಟ್ರುಗಳು ಒಂದೇ ಒಂದನ್ನು ತಮ್ಮ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದರು, ಪರೀಕ್ಷೆ. ಯಾರು ತಮ್ಮಂತೆ ಮೇಷ್ಟ್ರಾಗಬಹುದು ಅಂತ ತೀರ್ಮಾನಿಸುವವರು ಅವರೇ. ಮುಂದೆ ನಗರವೇ ಮೇಷ್ಟ್ರುಗಳಿಗೆ ಸಂಬಳ ಕೊಡಲು ಶುರು ಮಾಡಿತು, ಆಗ ವಿದ್ಯಾರ್ಥಿಗಳ ಹಿಡಿತ ನಿಧಾನವಾಗಿ ಸಡಿಲವಾಯಿತು.

ಪ್ಯಾರಿಸ್ಸಿನಲ್ಲಿ ಇದು ತಿರುಗುಮುರುಗು. ಅಲ್ಲಿ ಸಂಘ ಕಟ್ಟಿದ್ದು ಮೇಷ್ಟ್ರುಗಳು. ಇಂದಿನ ವಿಶ್ವವಿದ್ಯಾಲಯಗಳು ಹೆಚ್ಚಾಗಿ ಹಿಡಿದದ್ದು ಪ್ಯಾರಿಸ್ಸಿನ ದಾರಿಯನ್ನೇ.

ನಿಮ್ಮ ಮಕ್ಕಳಿಗೆ ಒಂದು ಸಂಗತಿಯನ್ನು ಖಂಡಿತ ಹೇಳಿ. ಆ ಕಾಲದ ವಿಶ್ವವಿದ್ಯಾಲಯಕ್ಕೆ ಸ್ವಂತ ಕಟ್ಟಡ ಇರಲಿಲ್ಲ. ಬಾಡಿಗೆ ಕೋಣೆ, ಚರ್ಚು, ಮೇಷ್ಟ್ರ ಮನೆ, ಇಷ್ಟೇ. ಕೊರತೆಯಂತೆ ಕಾಣುವ ಇದೇ ಅವರ ದೊಡ್ಡ ಬಲವಾಗಿತ್ತು, ಯಾಕೆಂದರೆ ಊರಿನವರ ಜೊತೆ ಕೆಟ್ಟರೆ ಗಂಟುಮೂಟೆ ಕಟ್ಟಿ ಹೊರಟುಬಿಡಬಹುದಿತ್ತು, ಹೊರಟರೆ ಊರಿಗೆ ಬಾಡಿಗೆಯೂ ಹೋಯಿತು ವ್ಯಾಪಾರವೂ ಹೋಯಿತು. 1209ರಲ್ಲಿ ಆಕ್ಸ್‌ಫರ್ಡಿನಲ್ಲಿ ಒಬ್ಬ ಹೆಂಗಸಿನ ಸಾವಿನ ಪ್ರಕರಣದಲ್ಲಿ ಕೆಲವು ವಿದ್ಯಾರ್ಥಿಗಳನ್ನು ಊರಿನವರು ಗಲ್ಲಿಗೇರಿಸಿದರು. ಉಳಿದವರು ಊರು ಬಿಟ್ಟರು, ಅವರಲ್ಲಿ ಒಂದು ಗುಂಪು ಹೋಗಿ ನೆಲೆ ನಿಂತ ಜಾಗವೇ ಕೇಂಬ್ರಿಡ್ಜ್. 1222ರಲ್ಲಿ ಬೊಲೊನ್ಯಾ ಬಿಟ್ಟು ಹೋದವರಿಂದ ಪಾದುವಾ. 1409ರಲ್ಲಿ ಪ್ರಾಗ್‌ನಲ್ಲಿ ವಿಶ್ವವಿದ್ಯಾಲಯದ ಮತದಾನದಲ್ಲಿ ಯಾರಿಗೆ ಎಷ್ಟು ಮತ ಅನ್ನುವ ಲೆಕ್ಕವನ್ನು ರಾಜ ಬದಲಿಸಿದ್ದಕ್ಕೆ ಸಿಟ್ಟಾಗಿ ಹೊರಟ ಜರ್ಮನ್ ಮೇಷ್ಟ್ರುಗಳಿಂದ ಅದೇ ವರ್ಷ ಲೈಪ್‌ಜಿಗ್.

ಇವೆಲ್ಲಕ್ಕಿಂತ ದೊಡ್ಡದು 1229ರ ಪ್ಯಾರಿಸ್. ಹೆಂಡದಂಗಡಿಯಲ್ಲಿ ಬಿಲ್ಲಿನ ವಿಚಾರಕ್ಕೆ ಶುರುವಾದ ಜಗಳ ಬೀದಿಗೆ ಬಂತು, ರಾಜನ ಕಾವಲಿನವರ ಕೈಯಲ್ಲಿ ವಿದ್ಯಾರ್ಥಿಗಳು ಸತ್ತರು. ಮೇಷ್ಟ್ರುಗಳು ಪಾಠ ನಿಲ್ಲಿಸಿ ಚದುರಿಹೋದರು. ಎರಡು ವರ್ಷ ಪಾಠವೇ ಇಲ್ಲ. ಕೊನೆಗೆ 1231ರಲ್ಲಿ ಪೋಪ್ ಒಂಬತ್ತನೇ ಗ್ರೆಗರಿ ನಡುವೆ ಬಂದು, ಅನ್ಯಾಯವಾದಾಗ ಪಾಠ ನಿಲ್ಲಿಸುವ ಹಕ್ಕನ್ನು ಬರವಣಿಗೆಯಲ್ಲೇ ಕೊಟ್ಟ. ತಮ್ಮ ನಿಯಮ ತಾವೇ ಮಾಡಿಕೊಳ್ಳುವ ಹಕ್ಕೂ ಅದರಲ್ಲೇ ಇತ್ತು. ಇವತ್ತು ‘ಸ್ವಾಯತ್ತತೆ’ ಅಂತ ನಾವು ಬಳಸುವ ಪದದ ಹಿಂದೆ ಆ ಎರಡು ವರ್ಷದ ಖಾಲಿ ತರಗತಿಗಳಿವೆ. ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

1088ರ ಬಗ್ಗೆ ಒಂದು ಮಾತು. ಅದು ಯಾವ ಶಾಸನದಲ್ಲೂ ಇರುವ ವರ್ಷವಲ್ಲ. 1888ರಲ್ಲಿ 800ನೇ ವರ್ಷದ ಉತ್ಸವ ಮಾಡಲು, ಕವಿ ಕಾರ್ದುಚ್ಚಿ ಮುಂದಾಳಾಗಿದ್ದ ಸಮಿತಿ ಲೆಕ್ಕ ಹಾಕಿ ಗೊತ್ತು ಮಾಡಿದ ವರ್ಷ. ಪಾಠ ನಿಧಾನವಾಗಿ ಕೂಡಿ ಬಂದದ್ದು, ಇಂಥ ದಿನ ಶುರುವಾಯಿತು ಅನ್ನಲು ಆಗುವುದಿಲ್ಲ. ಆದ್ದರಿಂದ ‘ಅತಿ ಹಳೆಯದು’ ಅನ್ನುವ ಪೈಪೋಟಿಯನ್ನು ಭಾಷಣದಿಂದ ಬಿಟ್ಟುಬಿಡಿ ಅನ್ನುವುದು ನನ್ನ ಸಲಹೆ.

ಮಸಿಕುಡಿಕೆ:

ಮೇಲಿನವರು ಬರೆದದ್ದರಲ್ಲಿ ತಪ್ಪಿಲ್ಲ. ಆದರೆ ನಾಲಂದದ ಹೆಸರು ಎತ್ತದೆ ಮುಗಿಸಿದ್ದು ಸರಿ ಅನ್ನಿಸಲಿಲ್ಲ.

‘ಸಂಘ’ವೇ ವಿಶ್ವವಿದ್ಯಾಲಯದ ಗುರುತು ಅನ್ನುವುದಾದರೆ, ನಾಲಂದದಲ್ಲಿ ಅಗೆದಾಗ ಸಿಕ್ಕ ಮಣ್ಣಿನ ಮುದ್ರೆಗಳನ್ನು ನೋಡಿ. ಅವುಗಳ ಮೇಲೆ ‘ಶ್ರೀ ನಾಲಂದಾ ಮಹಾವಿಹಾರದ ಆರ್ಯ ಭಿಕ್ಷು ಸಂಘದ್ದು’ ಎಂಬ ಅರ್ಥದ ಸಂಸ್ಕೃತ ಬರಹವಿದೆ. ಒಬ್ಬ ಗುರುವಿನ ಮುದ್ರೆ ಅಲ್ಲ, ಅರಸನ ಮುದ್ರೆಯೂ ಅಲ್ಲ, ಸಂಘದ ಮುದ್ರೆ. ಗುರುಗಳು ಬಂದು ಹೋದರೂ ಉಳಿಯುವ, ಆಸ್ತಿ ಇಟ್ಟುಕೊಳ್ಳುವ ಒಂದು ಕೂಟ ಅಲ್ಲಿ ಇತ್ತು ಅಂತ ಆಯಿತಲ್ವಾ? 7ನೇ ಶತಮಾನದ ಕೊನೆಯಲ್ಲಿ ಅಲ್ಲಿ ಓದಿದ ಚೀನಾದ ಭಿಕ್ಷು ಇತ್ಸಿಂಗ್, ಅದರ ಖರ್ಚಿಗೆ 200ಕ್ಕೂ ಹೆಚ್ಚು ಹಳ್ಳಿಗಳ ಉತ್ಪನ್ನ ಬರುತ್ತಿತ್ತು ಎಂದು ಬರೆದಿದ್ದಾನೆ. ಅವನಿಗಿಂತ ಮುಂಚೆ ಬಂದ ಹ್ಯೂಯೆನ್ ತ್ಸಾಂಗ್, ಮುಖ್ಯಸ್ಥ ಶೀಲಭದ್ರನ ಬಳಿ ಓದಿದವನು. ಹೊರಗಿನಿಂದ ಬಂದವರನ್ನು ಬಾಗಿಲಲ್ಲೇ ಪ್ರಶ್ನೆ ಕೇಳುತ್ತಿದ್ದರು, ಹತ್ತರಲ್ಲಿ ಏಳೆಂಟು ಜನ ಅಲ್ಲಿಂದಲೇ ವಾಪಸ್ ಹೋಗುತ್ತಿದ್ದರು ಅನ್ನುವುದು ಅವನ ಬರಹದಿಂದಲೇ ಗೊತ್ತಾಗುವ ಸಂಗತಿ. ಬೌದ್ಧ ಶಾಸ್ತ್ರದ ಜೊತೆಗೆ ವೇದ, ವ್ಯಾಕರಣ, ತರ್ಕ, ವೈದ್ಯ ಎಲ್ಲವೂ ಇತ್ತು. 9ನೇ ಶತಮಾನದಲ್ಲಿ ಸುವರ್ಣದ್ವೀಪದ (ಇಂದಿನ ಸುಮಾತ್ರಾ ಕಡೆಯ) ಅರಸ ಬಾಲಪುತ್ರದೇವ ಅಲ್ಲಿ ವಿಹಾರ ಕಟ್ಟಿಸಿದ, ಅವನ ಕೋರಿಕೆಯಂತೆ ಬಂಗಾಳ, ಬಿಹಾರಗಳನ್ನು ಆಳುತ್ತಿದ್ದ ಪಾಲ ವಂಶದ ದೇವಪಾಲ ಐದು ಹಳ್ಳಿಗಳನ್ನು ಬಿಟ್ಟುಕೊಟ್ಟ. ಆ ತಾಮ್ರಪಟ ಇವತ್ತಿಗೂ ಇದೆ. ಸಮುದ್ರದಾಚೆಯ ಅರಸ ತನ್ನ ನಾಡಿನಿಂದ ಬರುವವರಿಗಾಗಿ ಇನ್ನೊಂದು ದೇಶದಲ್ಲಿ ಜಾಗ ಮಾಡಿಸುವುದು ಸಣ್ಣ ಮಾತಲ್ಲ.

ಹಾಗಂತ ತಕ್ಷಶಿಲೆಯನ್ನು ಇದೇ ಸಾಲಿಗೆ ಸೇರಿಸಬೇಡಿ. ಅಲ್ಲಿ ಹೆಸರಾಂತ ಗುರುಗಳು ಇದ್ದರು, ವೈದ್ಯ ಜೀವಕ ಅಲ್ಲಿ ಏಳು ವರ್ಷ ಕಲಿತ ಕಥೆ ಇದೆ, ಆದರೆ ಎಲ್ಲರನ್ನೂ ಒಟ್ಟು ಮಾಡಿದ ಒಂದು ಸಂಸ್ಥೆ ಇರಲಿಲ್ಲ. ಒಬ್ಬೊಬ್ಬ ಗುರು, ಅವನ ಸುತ್ತ ಶಿಷ್ಯರು.

ಅಲ್-ಖರವಿಯ್ಯೀನ್ ವಿಚಾರವೂ ಬಿಡಿಸಿ ನೋಡಬೇಕಾದ್ದು. 859ರಲ್ಲಿ ಫಾತಿಮಾ ಅಲ್-ಫಿಹ್ರಿ ಎಂಬ ಹೆಣ್ಣುಮಗಳು ಕಟ್ಟಿಸಿದ್ದು ಮಸೀದಿ ಅನ್ನುತ್ತದೆ ಪರಂಪರೆ. ಪಾಠ ಅದರ ಸುತ್ತ ಬೆಳೆಯಿತು. ಸರ್ಕಾರಿ ವಿಶ್ವವಿದ್ಯಾಲಯ ಆದದ್ದು 1963ರಲ್ಲಿ. ನಡುವಿನ ಶತಮಾನಗಳಲ್ಲಿ ಅಲ್ಲಿ, ಹಾಗೆಯೇ ಕೈರೋದ ಅಲ್-ಅಝರ್‌ನಲ್ಲಿ, ಬಾಗ್ದಾದಿನ ನಿಜಾಮಿಯ್ಯಾದಲ್ಲಿ ಕಲಿತವನಿಗೆ ಸಿಗುತ್ತಿದ್ದುದು ‘ಇಜಾಜಾ’. ಅಂದರೆ ಇಂಥ ಗ್ರಂಥವನ್ನು ಇವನು ನನ್ನ ಬಳಿ ಓದಿದ್ದಾನೆ, ಇನ್ನು ಕಲಿಸಬಹುದು ಎಂದು ಗುರು ಕೊಡುವ ಅನುಮತಿ. ಅದರ ಬೆಲೆ ಗುರುವಿನ ಹೆಸರಿನಿಂದ, ಮಸೀದಿಯ ಹೆಸರಿನಿಂದ ಅಲ್ಲ.

ನನ್ನ ಲೆಕ್ಕದಲ್ಲಿ ನಿಜವಾದ ವ್ಯತ್ಯಾಸ ಇರುವುದು ಇಲ್ಲೇ. ಯುರೋಪಿನಲ್ಲಿ ಪದವಿ ಕೊಡುವವನು ಒಬ್ಬ ಗುರು ಅಲ್ಲ, ಕೂಟ. 1233ರಲ್ಲಿ ಫ್ರಾನ್ಸಿನ ತುಲೂಸ್ ವಿಶ್ವವಿದ್ಯಾಲಯಕ್ಕೆ ಪೋಪ್ ಕೊಟ್ಟ ಮಾತಿನ ಪ್ರಕಾರ ಅಲ್ಲಿ ಪದವಿ ಪಡೆದವನು ಬೇರೆ ಯಾವ ಊರಿನಲ್ಲೂ ಮತ್ತೆ ಪರೀಕ್ಷೆ ಕೊಡದೆ ಪಾಠ ಹೇಳಬಹುದು. ‘ಡಾಕ್ಟರ್’ ಅಂದರೆ ಕಲಿಸುವವನು ಅಂತಲೇ ಅರ್ಥ. ಭಾರತದಲ್ಲೂ ಇಂಥದ್ದಕ್ಕೆ ಹತ್ತಿರ ಬಂದದ್ದು ಬಿಹಾರದ ಬೌದ್ಧ ವಿಹಾರ ವಿಕ್ರಮಶೀಲ ಇರಬಹುದು, ಅಲ್ಲಿ ಪಾಲ ಅರಸರು ‘ಪಂಡಿತ’ ಬಿರುದು ಕೊಡುತ್ತಿದ್ದರು ಎಂದು ಟಿಬೆಟಿನ ಲೇಖಕರು ಹೇಳುತ್ತಾರೆ. ಆದರೆ ಅಲ್ಲಿ ಕೊಟ್ಟವನು ಅರಸ.

ಇನ್ನು ‘ವಿಶ್ವ’. ನಮ್ಮ ಪದ ತಪ್ಪಲ್ಲ! ಸಂಸ್ಕೃತದಲ್ಲಿ ‘ವಿಶ್ವ’ಕ್ಕೆ ಮೊದಲ ಅರ್ಥ ಜಗತ್ತು ಅಲ್ಲ, ‘ಎಲ್ಲ’. ‘ವಿಶ್ವೇದೇವರು’ ಅಂದರೆ ಎಲ್ಲ ದೇವತೆಗಳು. ಜಗತ್ತು ಅನ್ನುವ ಅರ್ಥ ಆಮೇಲೆ ಬಂದದ್ದು. ಲ್ಯಾಟಿನ್ನಿನಲ್ಲೂ ಹೀಗೇ. ಒಂದು ಗುಂಪಿಗೆ ಕಾಗದ ಬರೆಯುವಾಗ ‘ಉನಿವೆರ್ಸಿತಾಸ್ ವೆಸ್ತ್ರ’ ಅಂತ ಬರೆದರೆ ‘ನೀವೆಲ್ಲರೂ’ ಅಂತ ಅರ್ಥ. ಒಟ್ಟಿನಲ್ಲಿ ಎರಡೂ ಪದಗಳ ಬುಡದಲ್ಲಿ ಇರುವುದು ‘ಎಲ್ಲ’. ನಾವು ಅದನ್ನು ಎಲ್ಲ ವಿದ್ಯೆ ಅಂತ ಓದಿಕೊಂಡೆವು, ಅವರು ಹೇಳಿದ್ದು ಎಲ್ಲ ಜನ ಅಂತ.

ಸಂಜೆಓದು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ‘ಎಲ್ಲ’ದ ವಿಚಾರ ಓದಿ ಎರಡು ನಿಮಿಷ ಸುಮ್ನೆ ಕೂತೆ. ಇನ್ನೊಂದು ಕೇಳುತ್ತೇನೆ. ಇಷ್ಟೂ ಕಥೆಯಲ್ಲಿ ಸಂಶೋಧನೆ ಅನ್ನುವ ಪದವೇ ಬರಲಿಲ್ಲ. ಇವತ್ತು ವಿಶ್ವವಿದ್ಯಾಲಯ ಅಂದರೆ ಪಿಎಚ್‌ಡಿ, ಲ್ಯಾಬು. ಅದು ಯಾವಾಗ ಒಳಗೆ ಬಂತು?

ಗಾಜಿನಕೊಳವೆ:

ತಡವಾಗಿ. ತುಂಬಾ ತಡವಾಗಿ. 600 ವರ್ಷ ವಿಶ್ವವಿದ್ಯಾಲಯದ ಮುಖ್ಯ ಕೆಲಸ ಇದ್ದದ್ದನ್ನು ಕಾಪಾಡಿ ಕಲಿಸುವುದು. ‘ಲೆಕ್ಚರ್’ ಪದದ ಮೂಲವೇ ಓದುವುದು. ಪುಸ್ತಕ ದುಬಾರಿ, ಮೇಷ್ಟ್ರು ಓದಿ ವಿವರಿಸುತ್ತಿದ್ದರು, ಉಳಿದವರು ಕೇಳುತ್ತಿದ್ದರು. ಬೊಲೊನ್ಯಾ, ಪ್ಯಾರಿಸ್‌ಗಳಲ್ಲಿ ಅಂಗಡಿಯವರು ಪುಸ್ತಕವನ್ನು ಬಿಡಿ ಬಿಡಿ ಕಟ್ಟುಗಳಾಗಿ ಮಾಡಿ ಬಾಡಿಗೆಗೆ ಕೊಡುತ್ತಿದ್ದರು, ಒಂದು ಕಟ್ಟು ನಕಲು ಮಾಡಿಕೊಂಡು ವಾಪಸ್ ಕೊಟ್ಟು ಮುಂದಿನದು ತರಬೇಕು. ಹೀಗೆ ಒಂದೇ ಪುಸ್ತಕವನ್ನು ಎಷ್ಟೋ ಜನ ಒಟ್ಟಿಗೆ ನಕಲು ಮಾಡಬಹುದಿತ್ತು.

ಅಚ್ಚು ಬಂತು, ವಿಜ್ಞಾನ ಬೆಳೆಯಿತು, ವಿಶ್ವವಿದ್ಯಾಲಯಗಳು ಮಲಗಿಯೇ ಇದ್ದವು. ಹೊಸ ಪ್ರಯೋಗದ ಮಾತೆಲ್ಲ ನಡೆದದ್ದು 1660ರಲ್ಲಿ ಲಂಡನ್ನಿನಲ್ಲಿ ಶುರುವಾದ ವಿಜ್ಞಾನಿಗಳ ಕೂಟ ರಾಯಲ್ ಸೊಸೈಟಿಯಂಥ ಕಡೆ. ಫ್ರಾನ್ಸಿನ ಕ್ರಾಂತಿಯವರು 1793ರಲ್ಲಿ ವಿಶ್ವವಿದ್ಯಾಲಯಗಳನ್ನು ಮುಚ್ಚಿಯೇಬಿಟ್ಟರು. ಪ್ಯಾರಿಸ್ ಕೂಡ ಅದರಲ್ಲಿ ಹೋಯಿತು.

ತಿರುವು ಬಂದದ್ದು ಒಂದು ಸೋಲಿನಿಂದ. 1806ರಲ್ಲಿ ಜರ್ಮನ್ ರಾಜ್ಯವಾದ ಪ್ರಷ್ಯಾ ನೆಪೋಲಿಯನ್ ಎದುರು ನೆಲಕಚ್ಚಿತು. ಮರುವರ್ಷದ ಒಪ್ಪಂದದಲ್ಲಿ ಅದರ ಮುಖ್ಯ ವಿಶ್ವವಿದ್ಯಾಲಯವಾದ ಹಾಲೆ ಕೂಡ ಕೈತಪ್ಪಿತು. ದೇಶ ಅರ್ಧ ಹೋಗಿದೆ, ಬೊಕ್ಕಸ ಬರಿದಾಗಿದೆ. ಅಂಥ ಹೊತ್ತಿನಲ್ಲಿ ಬರ್ಲಿನ್ನಿನಲ್ಲಿ ಹೊಸದೊಂದು ಕಟ್ಟಲು ಹೊರಟರು. ಶಿಕ್ಷಣ ಇಲಾಖೆ ನೋಡಿಕೊಳ್ಳುತ್ತಿದ್ದವರು ವಿಲ್ಹೆಲ್ಮ್ ಫಾನ್ ಹುಂಬೋಲ್ಟ್. ಅವರ ಮಾತಿನ ತಿರುಳು ಇದು: ಶಾಲೆಯಲ್ಲಿ ಕಲಿಸುವುದು ಆಗಲೇ ಗಟ್ಟಿಯಾದ ತಿಳಿವಳಿಕೆ, ಇಲ್ಲಿ ಮಾತ್ರ ತಿಳಿವಳಿಕೆಯನ್ನು ಇನ್ನೂ ಪೂರ್ತಿ ಬಿಡಿಸಿರದ ಪ್ರಶ್ನೆ ಅಂತಲೇ ನೋಡಬೇಕು. ಮೇಷ್ಟ್ರು ಇರುವುದು ವಿದ್ಯಾರ್ಥಿಗಾಗಿ ಅಲ್ಲ, ಇಬ್ಬರೂ ಇರುವುದು ತಿಳಿವಳಿಕೆಗಾಗಿ. 1810ರಲ್ಲಿ ಪಾಠ ಶುರುವಾಯಿತು.

ಆದರೆ ನಾನು ಹೆಚ್ಚು ಮೆಚ್ಚುವುದು ಬರ್ಲಿನ್ನನ್ನಲ್ಲ, ಜರ್ಮನಿಯ ಗೀಸೆನ್ ಎಂಬ ಸಣ್ಣ ಊರನ್ನು. ಯುಸ್ಟುಸ್ ಲೀಬಿಗ್ 21ನೇ ವಯಸ್ಸಿಗೆ, 1824ರಲ್ಲಿ ಅಲ್ಲಿ ಪ್ರೊಫೆಸರ್ ಆದರು. ಅದಕ್ಕೂ ಮುಂಚೆ ರಸಾಯನಶಾಸ್ತ್ರ ಅಂದರೆ ಮೇಷ್ಟ್ರು ಮುಂದೆ ನಿಂತು ಮಾಡಿ ತೋರಿಸುವುದು, ವಿದ್ಯಾರ್ಥಿಗಳು ದೂರದಿಂದ ನೋಡುವುದು. ಲೀಬಿಗ್ ಅವರು ವಿದ್ಯಾರ್ಥಿಗಳ ಕೈಗೇ ಕೊಳವೆ, ತಕ್ಕಡಿ ಕೊಟ್ಟು, ಮೊದಲು ಗೊತ್ತಿರುವ ವಸ್ತುಗಳ ವಿಶ್ಲೇಷಣೆ ಮಾಡಿಸಿ, ಕೈ ಕುದುರಿದ ಮೇಲೆ ಯಾರಿಗೂ ಉತ್ತರ ಗೊತ್ತಿಲ್ಲದ ಪ್ರಶ್ನೆ ಕೊಡುತ್ತಿದ್ದರು. ಇವತ್ತು ಜಗತ್ತಿನ ಯಾವ ಲ್ಯಾಬಿಗೆ ಹೋದರೂ ನಡೆಯುವುದು ಇದೇ ಕ್ರಮ. ಬೇರೆ ದೇಶದವರು ಬಂದು ಕಲಿತು ತಮ್ಮ ತಮ್ಮ ಊರಿಗೆ ಅದನ್ನು ಹೊತ್ತುಕೊಂಡು ಹೋದರು. ಅಮೆರಿಕದಲ್ಲಿ ಯೇಲ್ ಮೊದಲ ಪಿಎಚ್‌ಡಿ ಕೊಟ್ಟದ್ದು 1861ರಲ್ಲಿ. ಜರ್ಮನಿಯ ಈ ಮಾದರಿಯನ್ನೇ ಮುಂದಿಟ್ಟುಕೊಂಡು 1876ರಲ್ಲಿ ಜಾನ್ಸ್ ಹಾಪ್ಕಿನ್ಸ್ ಶುರುವಾಯಿತು. ಆಕ್ಸ್‌ಫರ್ಡಿಗೆ ಈ ಪದವಿ ಬಂದದ್ದು 1917ರಲ್ಲಿ. ಅಂದರೆ ನೂರು ವರ್ಷ ಚಿಲ್ಲರೆ ಹಿಂದೆ ಪಿಎಚ್‌ಡಿ ಅನ್ನುವುದು ಅಲ್ಲಿ ಹೊಚ್ಚ ಹೊಸದು!

ಅಂಚಿನಟಿಪ್ಪಣಿ:

‘ಮಲಗಿಯೇ ಇದ್ದವು’ ಅನ್ನುವುದನ್ನು ಒಪ್ಪಲು ಆಗುವುದಿಲ್ಲ. ಕೊಪರ್ನಿಕಸ್ ಕ್ರಾಕೋವ್, ಬೊಲೊನ್ಯಾ, ಪಾದುವಾಗಳಲ್ಲಿ ಓದಿ 1503ರಲ್ಲಿ ಫೆರಾರಾದಲ್ಲಿ ಪದವಿ ಪಡೆದವರು. ನಾಲ್ಕು ಊರು, ಒಂದೇ ಭಾಷೆ ಲ್ಯಾಟಿನ್, ಎಲ್ಲೂ ಅಡ್ಡಿ ಇಲ್ಲ. ಪಾದುವಾದಲ್ಲಿ ವೆಸಾಲಿಯಸ್ ಹೆಣವನ್ನು ತಾವೇ ಕುಯ್ದು ತೋರಿಸುತ್ತಾ ಅಂಗರಚನೆ ಕಲಿಸಿದರು. ಗೆಲಿಲಿಯೊ 1592ರಿಂದ 18 ವರ್ಷ ಅಲ್ಲೇ ಪಾಠ ಹೇಳಿದರು. ರಕ್ತದ ಓಡಾಟ ಬಿಡಿಸಿದ ಹಾರ್ವೆ 1602ರಲ್ಲಿ ಅಲ್ಲಿ ಪದವಿ ಪಡೆದವರು. ನ್ಯೂಟನ್ ಕೇಂಬ್ರಿಡ್ಜಿನ ಪ್ರೊಫೆಸರ್. ಸಂಸ್ಥೆ ಸಂಶೋಧನೆಯನ್ನು ತನ್ನ ಕೆಲಸ ಅಂತ ಹೇಳಿಕೊಳ್ಳಲಿಲ್ಲ, ಅಷ್ಟನ್ನು ಒಪ್ಪುತ್ತೇನೆ.

ಗಾಜಿನಕೊಳವೆ:

ಸರಿ, ಪಾದುವಾದ ಮಟ್ಟಿಗೆ ನನ್ನ ಮಾತು ವಾಪಸ್.

ಮೂರನೇಬೆಂಚು:

ಇಷ್ಟು ಚೆನ್ನಾಗಿ ಚರ್ಚೆ ನಡೆದಿದೆ, ಆದರೆ ‘ಎಲ್ಲ ಜನ’ ಅಂದಿರಲ್ಲ, ಅಲ್ಲೇ ನನಗೆ ತಡೆಯಿತು. ಆ ‘ಎಲ್ಲ’ದಲ್ಲಿ ಹೆಣ್ಣುಮಕ್ಕಳು ಇರಲಿಲ್ಲ. ಬೊಲೊನ್ಯಾದ ಲೆಕ್ಕ ಹಿಡಿದರೆ ಸುಮಾರು 800 ವರ್ಷ, ಬೆರಳೆಣಿಕೆಯ ಕೆಲವರನ್ನು ಬಿಟ್ಟರೆ ಯಾರೂ ಇಲ್ಲ. 1678ರಲ್ಲಿ ಪಾದುವಾ ಎಲೆನಾ ಕೊರ್ನಾರೊ ಪಿಸ್ಕೋಪಿಯಾ ಅವರಿಗೆ ಡಾಕ್ಟರ್ ಪದವಿ ಕೊಟ್ಟಿತು. ಅವರು ಕೇಳಿದ್ದು ದೇವತಾಶಾಸ್ತ್ರದಲ್ಲಿ. ಬಿಷಪ್ ಒಪ್ಪದೆ ತತ್ವಶಾಸ್ತ್ರದಲ್ಲಿ ಕೊಡಿಸಿದರು. 1732ರಲ್ಲಿ ಬೊಲೊನ್ಯಾ ಲಾರಾ ಬಸ್ಸಿ ಅವರನ್ನು ಪ್ರೊಫೆಸರ್ ಮಾಡಿತು. ಆಮೇಲೆ ಮತ್ತೆ ಬಾಗಿಲು ಹಾಕಿದಂತೆಯೇ.

ಕೇಂಬ್ರಿಡ್ಜಿನಲ್ಲಿ ಹೆಣ್ಣುಮಕ್ಕಳಿಗೆ 1881ರಿಂದ ಪರೀಕ್ಷೆ ಬರೆಯಲು ಹಕ್ಕು ಸಿಕ್ಕಿತು. ಪದವಿ ಮಾತ್ರ ಇಲ್ಲ. ಗಣಿತದ ಪರೀಕ್ಷೆಯಲ್ಲಿ ಮೊದಲು ಬಂದವನಿಗೆ ‘ಸೀನಿಯರ್ ರ‍್ಯಾಂಗ್ಲರ್’ ಅನ್ನುತ್ತಿದ್ದರು, ದೇಶದಲ್ಲೇ ದೊಡ್ಡ ಗೌರವ ಅದು. 1890ರಲ್ಲಿ ಗಂಡಸರ ಪಟ್ಟಿ ಓದಿದ ಮೇಲೆ ಹೆಂಗಸರ ಪಟ್ಟಿ ಬೇರೆಯಾಗಿ ಓದಿದರು. ಫಿಲಿಪ್ಪಾ ಫಾಸೆಟ್ ಅವರ ಹೆಸರಿನ ಮುಂದೆ ಇದ್ದದ್ದು ‘ಸೀನಿಯರ್ ರ‍್ಯಾಂಗ್ಲರ್‌ಗಿಂತ ಮೇಲೆ’. ಎಲ್ಲರಿಗಿಂತ ಜಾಸ್ತಿ ಅಂಕ. ಆದರೂ ಪದವಿ ಇಲ್ಲ, ಆ ಹೆಸರೂ ಇಲ್ಲ. ಪದವಿ ಕೊಡೋಣವೇ ಅಂತ 1897ರಲ್ಲಿ ಮತಕ್ಕೆ ಹಾಕಿದರು, ಸೋತಿತು. 1921ರಲ್ಲಿ ಮತ್ತೆ ಸೋತಿತು. ಕೊನೆಗೆ 1948ರಲ್ಲಿ ಪೂರ್ತಿ ಪದವಿ ಕೊಟ್ಟರು. ಫಾಸೆಟ್ ಅವರು ತೀರಿಕೊಂಡದ್ದು ಅದೇ ವರ್ಷ, 80ನೇ ವಯಸ್ಸಿನಲ್ಲಿ.

ಪದವಿ ಒಂದು ಊರಿನದ್ದಲ್ಲ, ಬೇರೆ ಕಡೆಯೂ ನಡೆಯುತ್ತದೆ ಅಂತ ಮಸಿಕುಡಿಕೆಯವರು ಬರೆದಿದ್ದಾರೆ. ಅದೇ ಹಳೆಯ ನಿಯಮ ಇಲ್ಲಿ ಕೈಹಿಡಿಯಿತು. ಆಕ್ಸ್‌ಫರ್ಡ್, ಕೇಂಬ್ರಿಡ್ಜಿನಲ್ಲಿ ಪರೀಕ್ಷೆ ಪಾಸಾದವರು ತನ್ನಲ್ಲಿ ಓದಿದವರಿಗೆ ಸಮ ಅಂತ ಡಬ್ಲಿನ್ನಿನ ಟ್ರಿನಿಟಿ ಕಾಲೇಜು ಮೊದಲಿನಿಂದ ಒಪ್ಪುತ್ತಿತ್ತು. ಅದು 1904ರಲ್ಲಿ ಹೆಂಗಸರಿಗೂ ಬಾಗಿಲು ತೆರೆದಾಗ, 1907ರವರೆಗೆ ನೂರಾರು ಹೆಣ್ಣುಮಕ್ಕಳು ಹಡಗು ಹತ್ತಿ ಡಬ್ಲಿನ್‌ಗೆ ಹೋಗಿ, ತಾವು ಎಂದೋ ಗಳಿಸಿದ್ದ ಪದವಿಯನ್ನು ತಂದುಕೊಂಡರು.

ಇದಕ್ಕೆ ಸುತ್ತುದಾರಿಯಿಂದ ನೆರವಾದ ಇನ್ನೊಂದು ಬೆಳವಣಿಗೆ ಲಂಡನ್ ವಿಶ್ವವಿದ್ಯಾಲಯ. 1836ರಲ್ಲಿ ಅದು ಹುಟ್ಟಿದ್ದು ಪಾಠಕ್ಕಲ್ಲ, ಪರೀಕ್ಷೆ ನಡೆಸಿ ಪದವಿ ಕೊಡಲು. 1857ರಲ್ಲಿ ಕಲ್ಕತ್ತಾ, ಬಾಂಬೆ, ಮದ್ರಾಸುಗಳಲ್ಲಿ ಶುರುವಾದದ್ದೂ ಇದೇ ನಮೂನೆ. ಪಾಠ ಕಾಲೇಜಿನಲ್ಲಿ, ಪರೀಕ್ಷೆ ವಿಶ್ವವಿದ್ಯಾಲಯದಲ್ಲಿ. ಈ ಪದ್ಧತಿಯನ್ನು ಬೈಯುವವರು ಬಹಳ, ಬರೀ ಪರೀಕ್ಷೆಯ ಕಾರ್ಖಾನೆ ಆಯಿತು ಅಂತ, ಅದರಲ್ಲಿ ಸತ್ಯವೂ ಇದೆ. ಆದರೆ ಪರೀಕ್ಷೆಯೊಂದೇ ಮುಖ್ಯ ಅಂದಾಗ, ಬರೆದವರು ಯಾರು ಅನ್ನುವುದನ್ನು ಬಹಳ ಕಾಲ ಅಡ್ಡ ತರಲು ಆಗುವುದಿಲ್ಲ. 1878ರಲ್ಲಿ ಲಂಡನ್ ಹೆಂಗಸರಿಗೆ ಪದವಿ ತೆರೆಯಿತು. ಕಲ್ಕತ್ತಾದಲ್ಲಿ ಕಾದಂಬಿನಿ ಗಂಗೂಲಿ, ಚಂದ್ರಮುಖಿ ಬಸು ಅವರು 1883ರಲ್ಲಿ ಪದವೀಧರರಾದರು. ಫಾಸೆಟ್ ಅವರು ಪರೀಕ್ಷೆ ಬರೆಯುವುದಕ್ಕೂ ಏಳು ವರ್ಷ ಮುಂಚೆ, ಕೇಂಬ್ರಿಡ್ಜ್ ಪದವಿ ಕೊಡುವುದಕ್ಕೆ 65 ವರ್ಷ ಮುಂಚೆ.

ಸಂಜೆಓದು ಅವರೇ, ಕೇಳಲು ಬರುವವರಲ್ಲಿ ಹುಡುಗಿಯರೂ ಇರುತ್ತಾರೆ. ದಯವಿಟ್ಟು ಇದನ್ನು ಬಿಡಬೇಡಿ.

ಸಂಜೆಓದು:

ಖಂಡಿತ ಬಿಡುವುದಿಲ್ಲ. ನಾನು ಬರೆದಿಟ್ಟುಕೊಂಡಿದ್ದ ಟಿಪ್ಪಣಿಯಲ್ಲಿ ಮೊದಲ ಪುಟ ಪೂರ್ತಿ ‘ಅತಿ ಹಳೆಯದು ಯಾವುದು’ ಅಂತಲೇ ಇತ್ತು. ಅದನ್ನು ಹರಿದು ಹಾಕಿದೆ. ನಾಲಂದದ ಮುದ್ರೆಯ ಚಿತ್ರ ತೋರಿಸಿ, ‘ಸಂಘದ್ದು’ ಅನ್ನುವ ಪದದಿಂದ ಶುರು ಮಾಡುತ್ತೇನೆ, ಆಮೇಲೆ ಬೊಲೊನ್ಯಾದ ಸಾಲದ ಕಥೆ, ಪ್ಯಾರಿಸ್ಸಿನ ಎರಡು ವರ್ಷ, ಗೀಸೆನ್ ಲ್ಯಾಬು. ಕೊನೆಗೆ 1890ರ ಆ ಪಟ್ಟಿ. ಅರ್ಧ ಗಂಟೆಯಲ್ಲಿ ಹಿಡಿಯುವುದು ಕಷ್ಟ, ಇನ್ನೊಂದು ಹದಿನೈದು ನಿಮಿಷ ಕೇಳಿ ನೋಡುತ್ತೇನೆ.